ಒದ್ದೆ ಮಾಡಿದ ಈಜುಡುಗೆ

ಈಜದೆ ಇದ್ದ ಈಜುಡುಗೆಯನ್ನು ಈಜಿದಂತೆ ಒದ್ದೆ ಮಾಡುವುದಕ್ಕೆ ಒಂದು ಹದವಿದೆ. ನಲ್ಲಿಯ ಕೆಳಗೆ ಹಿಡಿದು ಕೂಡಲೇ ಹಿಂಡಿದರೆ ಮಡಿಕೆಯ ಒಳಭಾಗ ಒಣಗಿಯೇ ಉಳಿಯುತ್ತದೆ, ನೋಡಿದವರಿಗೆ ತಿಳಿದುಬಿಡುತ್ತದೆ. ಬಕೆಟ್ಟಿನಲ್ಲಿ ಐದು ನಿಮಿಷ ಮುಳುಗಿಸಿಟ್ಟು, ಎರಡೇ ಸಲ ಹಿಂಡಿ, ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಬೇಕು. ಟವೆಲ್ಲು ಅಲ್ಲಲ್ಲಿ ಮಾತ್ರ ಒದ್ದೆಯಾಗಿರಬೇಕು, ಮೈ ಒರೆಸಿಕೊಂಡ ಹಾಗೆ. ಮನೆಯ ಬಾಗಿಲು ತಲುಪುವ ಹೊತ್ತಿಗೆ ಕೂದಲಿನ ತುದಿಯಲ್ಲಿ ಒಂದೆರಡು ಹನಿ ಬಾಕಿ ಇರಬೇಕು. ಕಣ್ಣಿನ ಸುತ್ತ ಈಜುಗನ್ನಡಕದ ಗುರುತು ಮೂಡಬೇಕಾದರೆ ಅದನ್ನು ಬಿಗಿಯಾಗಿ ಹಾಕಿಕೊಂಡು ಹತ್ತು ನಿಮಿಷ ಬೆಂಚಿನ ಮೇಲೆ ಕೂರಬೇಕು. ಇದಿಷ್ಟನ್ನೂ ನಾನು ಹತ್ತು ವಾರ, ಒಂದು ದಿನವೂ ತಪ್ಪಿಸದೆ ಮಾಡಿದೆ. ಅದಕ್ಕೆ ಮೊದಲು ನೀರಿಗೆ ಇಳಿದದ್ದು ಒಂಬತ್ತು ದಿನ.

ಔಷಧಿಯ ಡಬ್ಬಿಯೊಳಗೆ ಮಡಚಿಡುವ ಚೀಟಿ ಇದೆಯಲ್ಲ, ಯಾರೂ ಓದದ್ದು, ಅದನ್ನು ಅಚ್ಚಿಗೆ ಹೋಗುವ ಮೊದಲು ಓದುವವಳು ನಾನು. ಒಂದು ದಶಮಾಂಶ ಚುಕ್ಕಿ ಬಿದ್ದುಹೋದರೆ ಅರ್ಧ ಮಾತ್ರೆ ಐದು ಮಾತ್ರೆಯಾಗುತ್ತದೆ. ಹದಿನೇಳು ವರ್ಷದಿಂದ ‘ತಲೆಸುತ್ತು, ವಾಕರಿಕೆ, ಅಪರೂಪಕ್ಕೆ ಉಸಿರಾಟದ ತೊಂದರೆ’ ಎಂದು ಓದಿ ಓದಿ, ನನಗೆ ಕಂಡದ್ದಕ್ಕೆಲ್ಲ ಹಿಂದೆ ಒಂದು ಸಣ್ಣಕ್ಷರದ ಚೀಟಿ ಅಂಟಿಕೊಂಡಂತೆ ಕಾಣುತ್ತದೆ. ಕಳೆದ ವರ್ಷ ಕಚೇರಿಯವರೆಲ್ಲ ಒಂದು ದಿನ ಕೆರೆಯ ದಂಡೆಗೆ ಹೋಗಿದ್ದೆವು. ಎಲ್ಲರೂ ನೀರಿಗಿಳಿದರು. ನಾನು ಚೀಲ ಕಾದೆ. ಹದಿನಾಲ್ಕು ಚೀಲ, ಒಂಬತ್ತು ಜೊತೆ ಚಪ್ಪಲಿ, ಯಾರದೋ ಹಲ್ಲಿನ ಸೆಟ್ಟು. ಮನೆಗೆ ಬರುವ ದಾರಿಯಲ್ಲಿ ತೀರ್ಮಾನಿಸಿದೆ: ನಲವತ್ತೈದು ತುಂಬುವುದರೊಳಗೆ ಈಜು ಕಲಿಯಬೇಕು.

ತೀರ್ಮಾನಿಸಿ ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ಎಲ್ಲರಿಗೂ ಹೇಳಿದೆ.

ಆಗ ನಮ್ಮ ಮನೆಯಲ್ಲಿ ಅತ್ತೆಯ ಭುಜದ ಸಮಸ್ಯೆ ನಡೆಯುತ್ತಿತ್ತು. ಬಚ್ಚಲಲ್ಲಿ ಜಾರಿ ಬಿದ್ದು ಬಲಭುಜದ ಮೂಳೆ ಮುರಿದಿತ್ತು. ಮೂಳೆ ಕೂಡಿಕೊಂಡಿತು, ಭುಜ ಹಿಡಿದುಕೊಂಡಿತು. ಕೈ ಎದೆಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ತುತ್ತು ಬಾಯಿಗೆ ಹೋಗುತ್ತಿತ್ತು, ಕೈ ತಲೆಗೆ ಹೋಗುತ್ತಿರಲಿಲ್ಲ. ಆದ್ದರಿಂದ ಅವರ ತುರುಬು ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಮೂವತ್ತೊಂದು ವರ್ಷ ದೊಡ್ಡ ಲಾಂಡ್ರಿಯೊಂದರಲ್ಲಿ ಹೋಟೆಲುಗಳ, ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಸಿ, ಇಸ್ತ್ರಿ ಮಾಡಿಸಿ, ಮಡಿಕೆಯ ಅಂಚಿಗೆ ಅಂಚು ಕೂಡಿಸಿದ ಹೆಂಗಸು ಅವರು. ನನ್ನ ಕೈಯ ತುರುಬನ್ನು ಸಹಿಸಿಕೊಳ್ಳುವುದು ಅವರಿಗೆ ಭುಜದ ನೋವಿಗಿಂತ ಕಷ್ಟವಾಗಿತ್ತು.

"ಎಡಕ್ಕೆ ಹೋಗಿದೆ," ಎನ್ನುತ್ತಿದ್ದರು ದಿನವೂ, ಕನ್ನಡಿ ನೋಡದೆಯೇ.

"ಸರಿ ಮಾಡ್ತೀನಿ ಅತ್ತೆ."

"ಬೇಡ ಬಿಡು. ನೀನು ಸರಿ ಮಾಡಿದ್ರೆ ಬಲಕ್ಕೆ ಹೋಗುತ್ತೆ."

ವಾರಕ್ಕೆ ಎರಡು ಸಲ ವ್ಯಾಯಾಮ ಮಾಡಿಸುವವರೊಬ್ಬರು ಬರುತ್ತಿದ್ದರು. ಐವತ್ತರ ಆಸುಪಾಸಿನ ಸಾಧು ಮನುಷ್ಯ. ಕೈ ಹಿಡಿದು ತಿರುಚುತ್ತಿದ್ದುದರಿಂದ ಅತ್ತೆ ಅವರಿಗೆ ತಿರುಚಪ್ಪ ಎಂದು ಹೆಸರಿಟ್ಟಿದ್ದರು. ಅವರು ನಡುಮನೆಯ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಏಣಿಯ ಹಾಗೆ ಗೆರೆಗಳನ್ನು ಎಳೆದರು. ಗೋಡೆಗೆ ಮುಖ ಮಾಡಿ ನಿಂತು, ಬಲಗೈ ಬೆರಳುಗಳನ್ನು ಜೇಡ ಹತ್ತಿದ ಹಾಗೆ ಒಂದೊಂದೇ ಗೆರೆ ಮೇಲಕ್ಕೆ ನಡೆಸಬೇಕು. ದಿನಕ್ಕೆ ಎರಡು ಸಲ, ಸಲಕ್ಕೆ ಹತ್ತು ಬಾರಿ. ಎಲ್ಲಕ್ಕಿಂತ ಮೇಲಿನ ಗೆರೆ ಗಡಿಯಾರದ ಮೊಳೆಗಿಂತ ಒಂದು ಗೇಣು ಕೆಳಗಿತ್ತು.

"ಆ ಗೆರೆ ಮುಟ್ಟಿದ್ರೆ ನಿಮ್ಮ ತಲೆ ನೀವೇ ಬಾಚ್ಕೊಳ್ತೀರಿ ಅಮ್ಮ," ಎಂದರು ತಿರುಚಪ್ಪ. "ಆದ್ರೆ ಮೂರು ತಿಂಗಳೊಳಗೆ ಮುಟ್ಟಬೇಕು. ಆಮೇಲೆ ಭುಜ ಹಾಗೇ ಕೂತುಬಿಡುತ್ತೆ. ನಾನು ಬಂದೂ ಪ್ರಯೋಜನ ಇಲ್ಲ."

ಅವರು ಹೋದ ಮೇಲೆ ಅತ್ತೆ, "ನಾನು ಮಾಡಲ್ಲ," ಎಂದರು. "ನೋವಾಗುತ್ತೆ. ಅವನಿಗೇನು, ಗೆರೆ ಎಳೆದು ಹೋದ."

"ದಿನಾ ಸ್ವಲ್ಪ ಸ್ವಲ್ಪ ಮಾಡಿದ್ರೆ ಆಗುತ್ತೆ ಅತ್ತೆ."

"ಹೇಳೋದು ಸುಲಭ. ನೀನು ದಿನಾ ಏನು ಮಾಡ್ತೀಯ?"

"ನಾಳೆಯಿಂದ ಈಜೋಕೆ ಹೋಗ್ತೀನಲ್ಲ."

"ನೀನಾ? ನಲ್ಲಿ ನೀರು ಜೋರಾಗಿ ಬಂದ್ರೆ ಒಂದು ಹೆಜ್ಜೆ ಹಿಂದೆ ಸರಿಯೋಳು!" ಅವರು ನಕ್ಕರು. ಬಿದ್ದ ಮೇಲೆ ಮೊದಲ ಸಲ ನಕ್ಕದ್ದು. "ಸರಿ ಹಾಗಾದ್ರೆ. ನೀನು ಹೋದ ದಿನ ನಾನು ಗೋಡೆ ಹತ್ತುತ್ತೀನಿ. ನೀನು ತಪ್ಪಿಸಿದ ದಿನ ನನಗೂ ರಜೆ. ಒಪ್ಪಿಗೆನಾ?"

"ಒಪ್ಪಿಗೆ."

"ಇಬ್ಬರೂ ಒಂದು ವಾರ," ಎಂದರು ನನ್ನ ಗಂಡ, ಪತ್ರಿಕೆಯಿಂದ ತಲೆ ಎತ್ತದೆ. "ಬೇಕಾದ್ರೆ ಬರೆದುಕೊಡ್ತೀನಿ."

ಮೊದಲ ದಿನಗಳ ಉತ್ಸಾಹದ ಬಗ್ಗೆ ಹೇಳುವುದಕ್ಕೆ ಈಗ ನಾಚಿಕೆಯಾಗುತ್ತದೆ. ಕಡುನೀಲಿ ಈಜುಡುಗೆ, ಟೋಪಿ, ಕನ್ನಡಕ, ನೀರು ಸೋರದ ಚೀಲ, ಎಲ್ಲವೂ ಹೊಸದು. ಈಜುಕೊಳದಲ್ಲಿ ಬೆಳಿಗ್ಗೆ ಆರರಿಂದ ಏಳು ಹೆಂಗಸರ ಹೊತ್ತು. ಅಂಚಿನ ಕಂಬಿ ಹಿಡಿದು ಕಾಲು ಬಡಿದೆ. ಮನೆಗೆ ಬಂದು ಕಾಲು ಬಡಿದದ್ದನ್ನು ವಿವರಿಸಿದೆ. ಅತ್ತೆ ಈಜುಡುಗೆಯನ್ನು ತಂತಿಯ ಮೇಲೆ ಎಡಗೈಯಲ್ಲಿ ಹರವಿ, ಕ್ಲಿಪ್ಪು ಹಾಕಿ, ಗೋಡೆಗೆ ಹೋಗಿ ನಿಲ್ಲುತ್ತಿದ್ದರು.

ಏಳನೆಯ ದಿನ ಕೊಳ ತೊಳೆಯುವುದಕ್ಕಾಗಿ ಮುಚ್ಚಿತ್ತು. ಅತ್ತೆ ಆರಾಮಾಗಿ ಕುರ್ಚಿಯಲ್ಲಿ ಕೂತು, "ರಜೆ," ಎಂದರು. ಎಷ್ಟು ಬೇಡಿಕೊಂಡರೂ ಏಳಲಿಲ್ಲ. ಮಾರನೆಯ ದಿನ ತಿರುಚಪ್ಪ ಬಂದಾಗ ಕೈ ಒಂದು ಗೆರೆ ಕೆಳಗಿಳಿದಿತ್ತು. "ನಿನ್ನೆ ಬಿಟ್ಟಿದ್ದೀರಿ," ಎಂದು ಅವರು ನನ್ನ ಮುಖ ನೋಡಿದರು, ನನ್ನದೇ ಭುಜವೋ ಎಂಬಂತೆ. ತಮಾಷೆಗೆ ಆಡಿದ ಮಾತು ಒಪ್ಪಂದವಾಗಿದೆ ಎಂದು ನನಗೆ ತಿಳಿದದ್ದು ಆಗ.

ಹತ್ತನೆಯ ಬಾರಿ ಹೋದಾಗ ಏನಾಯಿತು ಎಂದು ಕೇಳಿದರೆ ಹೇಳಲು ನನ್ನಲ್ಲಿ ಏನೂ ಇಲ್ಲ. ಮುಳುಗಲಿಲ್ಲ. ನೀರು ಕುಡಿಯಲಿಲ್ಲ. ಯಾರೂ ನಗಲಿಲ್ಲ. ಮುಳುಗಿದ್ದರೆ ಬಿಡುವುದಕ್ಕೊಂದು ಮರ್ಯಾದೆಯ ಕಾರಣವಾದರೂ ಸಿಗುತ್ತಿತ್ತು. ಮೆಟ್ಟಿಲ ಮೇಲೆ ನಿಂತು ಹೆಬ್ಬೆರಳು ಅದ್ದಿದೆ. ಇವತ್ತೂ ಅದೇ ಕಂಬಿ, ಅದೇ ಕಾಲು, ಅದೇ ಬಡಿತ ಅನ್ನಿಸಿತು. ಅಷ್ಟೇ. ಬಟ್ಟೆ ಬದಲಿಸುವ ಕೋಣೆಗೆ ಹಿಂತಿರುಗಿ ಬೆಂಚಿನ ಮೇಲೆ ಕುಳಿತೆ. ನಾಳೆ ಇಳಿಯುತ್ತೇನೆ ಎಂದುಕೊಂಡೆ. ಹೊರಡುವಾಗ ಒಣ ಚೀಲವನ್ನು ನೋಡಿ ಅತ್ತೆಯ ಭುಜ ನೆನಪಾಯಿತು. ನಲ್ಲಿ ತಿರುಗಿಸಿದೆ.

ಲಾಕರಿನ ಕೀಲಿಗಳನ್ನು ಕೊಡುತ್ತಿದ್ದ ಹೆಂಗಸನ್ನು ಎಲ್ಲರೂ ಕೀಲಿ ಅಕ್ಕ ಎನ್ನುತ್ತಿದ್ದರು. ಎರಡು ದಿನ ಅವರು ನೋಡಿಯೂ ನೋಡದಂತಿದ್ದರು. ಮೂರನೆಯ ದಿನ ಕೇಳಿದರು:

"ಏನ್ ತಾಯಿ, ಒಣ ಈಜಾ?"

"ಸ್ವಲ್ಪ ನೆಗಡಿ ಅಕ್ಕ."

ಮುಂದಿನ ವಾರ: "ನೆಗಡಿ ಇನ್ನೂ ಹೋಗಿಲ್ವಾ? ಔಷಧಿ ಚೀಟಿ ಬರೆಯೋರಿಗೇ ಹೀಗಾದ್ರೆ ನಮ್ಮ ಗತಿ ಏನು!"

ಆಮೇಲೆ ನಾನು ನಿಜ ಹೇಳಿದೆ. ಅವರು ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿ, ಗೂಡಿನಿಂದ ಒಂದು ಬಕೆಟ್ಟು ತಂದಿಟ್ಟರು. "ಈಜಿನ ನೆಪ ಹೇಳಿ ಯಾರನ್ನೋ ನೋಡೋಕೆ ಹೋಗೋರು ಗೊತ್ತು. ಬಕೆಟ್ ನೋಡೋಕೆ ಬರೋರನ್ನ ಇವತ್ತೇ ಕಂಡಿದ್ದು."

ಮಾಡುವುದಾದರೆ ತಪ್ಪಿಲ್ಲದೆ ಮಾಡಬೇಕು. ನೀರಿನಿಂದ ಎದ್ದು ಬರುವವರನ್ನು ನಾನು ಬೆಂಚಿನಿಂದ ಗಮನಿಸಿದೆ. ಅವರ ಕಿವಿಯ ಹಿಂದೆ ನೀರು ನಿಂತಿರುತ್ತಿತ್ತು. ಟೋಪಿಯ ಅಂಚು ಹಣೆಯ ಮೇಲೆ ಕೆಂಪು ಗೆರೆ ಬಿಟ್ಟಿರುತ್ತಿತ್ತು. ಬೆರಳ ತುದಿಗಳು ಸುಕ್ಕುಗಟ್ಟಿರುತ್ತಿದ್ದವು. ಈ ಕೊನೆಯದು ನನ್ನನ್ನು ಎರಡು ದಿನ ಕಾಡಿತು. ಕೊನೆಗೆ ಬೆಂಚಿನ ಮುಂದೆ ಬಕೆಟ್ಟು ಇಟ್ಟುಕೊಂಡು ಎರಡೂ ಕೈ ಮಣಿಕಟ್ಟಿನವರೆಗೆ ಅದ್ದಿ ಅರ್ಧ ಗಂಟೆ ಕೂರುವುದನ್ನು ರೂಢಿಸಿಕೊಂಡೆ. ಕೊಳದಲ್ಲಿ ಅರ್ಧ ಗಂಟೆ ಕಾಲು ಬಡಿಯುವುದು ಬೇಸರ ಎಂದು ಬಿಟ್ಟವಳು, ಬಕೆಟ್ಟಿನಲ್ಲಿ ಅರ್ಧ ಗಂಟೆ ಕೈ ಅದ್ದಿಕೊಂಡು ಕೂರುತ್ತಿದ್ದೆ, ಆದಿತ್ಯವಾರವೂ.

ಗೋಡೆಯ ಮೇಲೆ ಅತ್ತೆಯ ಬೆರಳು ಏರುತ್ತಿತ್ತು. ಎದೆ, ಕುತ್ತಿಗೆ, ಗಲ್ಲ. ಮುಟ್ಟಿದ ಗೆರೆಯ ಪಕ್ಕ ಅವರೇ ಎಡಗೈಯಲ್ಲಿ ಒಂದು ಸೊಟ್ಟ ಚುಕ್ಕೆ ಇಡುತ್ತಿದ್ದರು. ಒಂದು ವಾರ ಎಂದಿದ್ದ ನನ್ನ ಗಂಡ ಈಗ ಫೋನಿನಲ್ಲಿ ನೆಂಟರಿಗೆಲ್ಲ, "ನಮ್ಮ ಮನೆಯೋಳು ಮೀನಾಗಿದ್ದಾಳೆ," ಎನ್ನುತ್ತಿದ್ದರು. ಕಚೇರಿಯ ಫಲಕಕ್ಕೆ ‘ಹಿಡಿದ ಗುರಿಯನ್ನು ಬಿಡದಿರುವುದು ಹೇಗೆ’ ಎಂದು ಅರ್ಧ ಪುಟ ಬರೆದುಕೊಡಿ ಎಂದು ನಮ್ಮ ಮುಖ್ಯಸ್ಥರು ಕೇಳಿದರು. ಬರೆದುಕೊಟ್ಟೆ. ಅದರಲ್ಲಿ ಒಂದೂ ತಪ್ಪಿರಲಿಲ್ಲ. ಇಬ್ಬರು ಬಂದು ಕೈ ಕುಲುಕಿದರು. ನನ್ನ ಕಣ್ಣಿನ ಸುತ್ತಲ ಕನ್ನಡಕದ ಗುರುತು ನೋಡಿ ಒಬ್ಬಾಕೆಯ ಕಣ್ಣು ತುಂಬಿತು.

ಆರನೆಯ ವಾರ ಅತ್ತೆ ಕಣ್ಣಿನ ಮಟ್ಟದ ಗೆರೆಯಲ್ಲಿ ನಿಂತುಬಿಟ್ಟರು. ಐದು ದಿನ ಅದೇ ಗೆರೆ. ಒಂದು ಬೆಳಿಗ್ಗೆ ತುರುಬು ಕಟ್ಟಿಸಿಕೊಳ್ಳುತ್ತಾ ಕೇಳಿದರು:

"ನಿನಗೆ ಬೇಜಾರೇ ಆಗಲ್ವೇನೆ?"

"ಆಗುತ್ತೆ ಅತ್ತೆ."

"ಆದ್ರೂ ಹೋಗ್ತೀಯಲ್ಲ. ಹೇಗೆ?"

ಪಿನ್ನು ನನ್ನ ಕೈಯಲ್ಲೇ ಉಳಿಯಿತು. ಏನು ಹೇಳಿದರೂ ಆ ಭುಜಕ್ಕೆ ಹೋಗಿ ಮುಟ್ಟುತ್ತದೆ. ಅಳೆದು ತೂಗಿ ಹೇಳಿದೆ: "ಈಜೋದರ ಬಗ್ಗೆ ನಾನು ಯೋಚನೇನೇ ಮಾಡಲ್ಲ. ಏಳೋದು, ಚೀಲ ತಗೊಳ್ಳೋದು, ಬಟ್ಟೆ ಒದ್ದೆ ಮಾಡ್ಕೊಂಡು ಬರೋದು. ಅಷ್ಟೇ ನನ್ನ ಕೆಲಸ ಅಂದ್ಕೊಂಡಿದ್ದೀನಿ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಬಟ್ಟೆ ಒದ್ದೆ ಮಾಡ್ಕೊಂಡು ಬರೋದು," ಎಂದು ಅತ್ತೆ ನಿಧಾನವಾಗಿ ಹೇಳಿದರು. "ಒಳ್ಳೇದು. ಹಾಗಾದ್ರೆ ನಾನೂ ಗೆರೆ ನೋಡಲ್ಲ. ಗೋಡೆ ಮುಟ್ಟಿ ಬರ್ತೀನಿ." ಅಂದಿನಿಂದ ಅವರು ಗೋಡೆಯ ಮುಂದೆ ಕಣ್ಣು ಮುಚ್ಚಿ ನಿಲ್ಲತೊಡಗಿದರು. ವಾರದೊಳಗೆ ಕೈ ಹಣೆಯ ಮಟ್ಟ ದಾಟಿತು. ತುರುಬು ಎಡಕ್ಕೆ ಹೋಗಿದೆ ಎಂದು ಆ ಮಾತಾಡಿದ ಬೆಳಿಗ್ಗೆ ಅವರು ಹೇಳಲಿಲ್ಲ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ಮೂರು ತಿಂಗಳಿಗೆ ಮೂರು ವಾರ ಬಾಕಿ ಇದ್ದಾಗ ಕೊನೆಯ ಗೆರೆಗೆ ಎರಡು ಬೆರಳಿನಷ್ಟು ಜಾಗ ಉಳಿದಿತ್ತು. ಆ ಎರಡು ಬೆರಳು ಮಾತ್ರ ಕರಗಲೇ ಇಲ್ಲ. ಅತ್ತೆಯ ಮಾತು ಕಡಿಮೆಯಾಯಿತು. ನಾನು ಕನ್ನಡಕವನ್ನು ಇನ್ನೂ ಬಿಗಿಯಾಗಿ ಹಾಕಿಕೊಳ್ಳತೊಡಗಿದೆ.

ಒಂದು ಬೆಳಿಗ್ಗೆ ನಾನು ಎಂದಿನಂತೆ ಬೆಂಚಿನ ಮೇಲಿದ್ದೆ: ಮೈಮೇಲೆ ಮನೆಯಿಂದ ತೊಟ್ಟು ಬಂದ ಬಟ್ಟೆ, ತಲೆಗೆ ಈಜುಟೋಪಿ, ಕಣ್ಣಿಗೆ ಈಜುಗನ್ನಡಕ, ಎರಡೂ ಕೈ ಬಕೆಟ್ಟಿನಲ್ಲಿ. ಮಂಜಾದ ಗಾಜಿನ ಆಚೆ ಯಾರೋ ಬಂದು ನಿಂತರು. ಕೀಲಿ ಅಕ್ಕ ಅಂದುಕೊಂಡು, "ಇನ್ನು ಹತ್ತು ನಿಮಿಷ ಅಕ್ಕ," ಎಂದೆ.

"ನೀರು ಹೇಗಿದೆ?" ಎಂದರು ಅತ್ತೆ.

ನಾನು ಕೈ ತೆಗೆಯಲಿಲ್ಲ. ಆ ಕ್ಷಣದಲ್ಲಿ ನನಗೆ ತೋಚಿದ ಉತ್ತರ, "ತಣ್ಣಗಿದೆ."

ಅವರು ಪಕ್ಕದಲ್ಲಿ ಕುಳಿತರು. ದೂರ ನಡೆದು ಬಂದದ್ದಕ್ಕೆ ಏದುಸಿರು. ನಾನು ಕಟ್ಟಿದ ತುರುಬು ಎಡಕ್ಕೆ ಹೋಗಿತ್ತು.

"ಯಾವಾಗಿಂದ ಗೊತ್ತು?" ಎಂದೆ.

"ಎರಡನೇ ವಾರದಿಂದ. ಮೂವತ್ತೊಂದು ವರ್ಷ ಬಟ್ಟೆ ಮಧ್ಯೆ ಇದ್ದೋಳು ಕಣೆ ನಾನು. ಯಾವ ಹಾಸಿಗೆ ಬಟ್ಟೆ ಹೋಟೆಲಿಂದು, ಯಾವುದು ಆಸ್ಪತ್ರೆದು ಅಂತ ಮೂಸಿ ಹೇಳ್ತಿದ್ದೆ. ಈ ನೀರಿಗೆ ಕ್ಲೋರಿನ್ ಹಾಕ್ತಾರಲ್ಲ, ಮೊದಲ ವಾರ ನಿನ್ನ ಬಟ್ಟೇಲಿ ಅದು ಮೂಗಿಗೆ ಹೊಡೀತಿತ್ತು. ಆಮೇಲೆ ಬರೀ ನಲ್ಲಿ ನೀರು. ಬಣ್ಣಾನೂ ಒಂದು ಚೂರು ಬಿಟ್ಟಿಲ್ಲ. ಇಷ್ಟು ದಿನ ಇದರಲ್ಲಿ ಮುಳುಗಿದ್ದಿದ್ರೆ ಆ ನೀಲಿ ಈ ಹೊತ್ತಿಗೆ ಬೂದಿ ಆಗಿರ್ತಿತ್ತು."

ಕಣ್ಣಿಗೆ ಕಾಣುವುದನ್ನೆಲ್ಲ ನಾನು ತಿದ್ದಿದ್ದೆ. ಬೆರಳ ತುದಿಯ ಸುಕ್ಕನ್ನು ಕೂಡ. ಆದರೆ ನನ್ನ ಕೆಲಸದಲ್ಲಿ ಮೂಗಿಗೆ ಎಂದೂ ಕೆಲಸ ಬಿದ್ದಿರಲಿಲ್ಲ. ವಾಸನೆ ಎಂಬುದೊಂದಿದೆ ಎಂದೇ ನನಗೆ ಹೊಳೆದಿರಲಿಲ್ಲ.

"ಗೊತ್ತಿದ್ದೂ ಸುಮ್ಮನೆ ಇದ್ರಾ? ದಿನಾ ಗೋಡೆಗೆ ಹೋದ್ರಲ್ಲ, ಯಾಕೆ?"

"ಗೊತ್ತಿತ್ತಲ್ಲ, ಅದಕ್ಕೇ ಹೋದೆ. ಒಂದೊಂದು ದಿನ ಬೆಳಿಗ್ಗೆ ಎದ್ರೆ ಭುಜ ಕಿತ್ತು ಬಿಸಾಕೋಣ ಅನ್ಸೋದು. ಇವತ್ತು ಹೇಳಿಬಿಡ್ತೀನಿ, ಇವಳ ಬಂಡವಾಳ ಬಯಲು ಮಾಡಿ ನಿಲ್ಲಿಸಿಬಿಡ್ತೀನಿ ಅಂದ್ಕೊಳ್ತಿದ್ದೆ. ನಿಲ್ಲಿಸೋ ದಾರಿ ಕೈಲಿದೆ ಅಂತ ಆದ್ಮೇಲೆ ಇನ್ನೊಂದು ದಿನ ತಡ್ಕೊಬಹುದು. ನಾಳೆಗಿರಲಿ, ನಾಳೆಗಿರಲಿ ಅಂತ ಇಟ್ಕೊಂಡೆ."

"ಮತ್ತೆ ಇವತ್ತು?"

ಅವರು ಬಲಗೈಯನ್ನು ನೋಡಿಕೊಂಡರು. "ಇವತ್ತು ಆಗಲ್ಲ ಅನ್ನಿಸ್ತು. ಎರಡು ಬೆರಳು. ಹನ್ನೆರಡು ದಿನದಿಂದ ಅದೇ ಎರಡು ಬೆರಳು. ಸಾಕಾಯ್ತು. ನೀನು ಬಿಟ್ಟಿದ್ದೀಯ, ನಾನೂ ಬಿಟ್ಟೆ. ಇಬ್ಬರಿಗೂ ರಜೆ."

"ಇಷ್ಟು ಹತ್ತಿರ ಬಂದು ಬಿಡಬೇಡಿ ಅತ್ತೆ. ಹತ್ತೇ ದಿನ. ಮನಸ್ಸು ಗಟ್ಟಿ ಮಾಡ್ಕೊಂಡ್ರೆ..."

"ಬಕೆಟ್ಟಿಂದ ಕೈ ತೆಗೆದು ಹೇಳು," ಎಂದರು ಅತ್ತೆ.

ಆ ಸಂಜೆ ಅವರು ಗೋಡೆಯ ಹತ್ತಿರ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಐದೂವರೆಗೆ ಎಚ್ಚರವಾಯಿತು. ಹೋಗುವುದಕ್ಕೆ ಕಾರಣವಿರಲಿಲ್ಲ, ಮೋಸ ಮಾಡುವುದಕ್ಕೆ ಯಾರೂ ಉಳಿದಿರಲಿಲ್ಲ. ಆದರೂ ಕಾಲು ಚಪ್ಪಲಿ ಹುಡುಕಿತು, ಕೈ ಚೀಲ ತೆಗೆದುಕೊಂಡಿತು. ಹತ್ತು ವಾರದ ರೂಢಿ. ಅತ್ತೆಯ ಕೋಣೆಯ ಬಾಗಿಲು ತೆರೆದಿತ್ತು. ಬಾಗಿಲಿಗೆ ಬೆನ್ನು ಮಾಡಿ ಮಲಗಿದ್ದರು. ನಿದ್ದೆ ಬಂದಿರಲಿಲ್ಲ ಎಂದು ಬೆನ್ನೇ ಹೇಳುತ್ತಿತ್ತು. ಇವತ್ತು ಬಿಟ್ಟರೆ ಒಂದು ಗೆರೆ ಕೆಳಗೆ. ನಾಳೆಯೂ ಬಿಟ್ಟರೆ ಆ ಕೈ ಅಲ್ಲೇ ಕೂರುತ್ತದೆ.

ದಾರಿಯುದ್ದಕ್ಕೂ ಯೋಚಿಸಿದೆ. ಕೊಳ ತಲುಪಿದವಳೇ ಕೇಳಿದೆ: "ಅಕ್ಕ, ಈ ನೀರಿಗೆ ಹಾಕೋ ಪೌಡರ್ ಒಂದು ಚಮಚ ಸಿಗುತ್ತಾ? ಬಕೆಟ್ಟಿಗೆ."

"ಯಾಕೆ?"

"ವಾಸನೆ ಬರಬೇಕು."

ಕೀಲಿ ಅಕ್ಕ ಗೋಡೆಗೆ ಒರಗಿಕೊಂಡರು. "ತಾಯಿ, ಹತ್ತು ಹೆಜ್ಜೆ ಆಚೆ ಒಂದು ಕೊಳ ತುಂಬ ಇದೆಯಲ್ಲ!"

ಅದು ನಿಜವಾಗಿಯೂ ನನಗೆ ಹೊಳೆದಿರಲಿಲ್ಲ.

ಉತ್ಸಾಹ ಬಂತು ಎಂದು ಯಾರೂ ತಿಳಿಯಬಾರದು. ನೀರು ತಣ್ಣಗಿತ್ತು, ಕಂಬಿ ಜಾರುತ್ತಿತ್ತು, ಎಲ್ಲವೂ ಮೊದಲಿನಷ್ಟೇ ಬೇಸರವಾಗಿತ್ತು. ನಾನು ಇಳಿದದ್ದು ವಾಸನೆಗೆ. ಬಟ್ಟೆಗೆ ಹತ್ತಿತು. ಅತ್ತೆ ಬಟ್ಟೆಯನ್ನು ನಂಬಲಾರರು, ಕೂದಲನ್ನೂ ಮೂಸುತ್ತಾರೆ ಎಂದು ಅನುಮಾನವಾಯಿತು. ಟೋಪಿ ತೆಗೆದು ತಲೆ ಮುಳುಗಿಸಬೇಕು. ಕಂಬಿ ಹಿಡಿದು ಮುಳುಗಿಸಿದರೆ ನೆತ್ತಿಗೆ ನೀರು ತಾಗುತ್ತಿರಲಿಲ್ಲ, ಕೈ ಬಿಡಬೇಕಿತ್ತು. ಒಂದು ಕೈ ಬಿಟ್ಟೆ. ಸಾಲಲಿಲ್ಲ. ಇನ್ನೊಂದನ್ನೂ ಬಿಟ್ಟೆ. ಔಷಧಿ ಚೀಟಿಯ ಎರಡು ಸಾಲು ಓದುವಷ್ಟು ಹೊತ್ತು ನಾನು ಏನನ್ನೂ ಹಿಡಿದಿರಲಿಲ್ಲ. ಮತ್ತೆ ಕಂಬಿ ಸಿಕ್ಕಿದಾಗ ಅದು ಬಿಟ್ಟ ಜಾಗದಲ್ಲಿರಲಿಲ್ಲ, ಎರಡು ಮೊಳ ಪಕ್ಕದಲ್ಲಿತ್ತು.

ಅತ್ತೆ ಈಜುಡುಗೆಯನ್ನು ಮೂಗಿನ ಹತ್ತಿರ ಹಿಡಿದರು. "ಕೊಳದಲ್ಲಿ ಅದ್ದಿಕೊಂಡು ಬಂದಿದ್ದೀಯ. ಇಳಿದಿಲ್ಲ."

ನಾನು ತಲೆ ಬಗ್ಗಿಸಿ ಅವರ ಮುಂದೆ ಕುಳಿತೆ. ಅವರು ಕೂದಲನ್ನು ಬೇರಿನವರೆಗೆ ಬಿಡಿಸಿ ಮೂಸಿದರು.

"ಇಳಿದಿದ್ದೀಯ. ಈಜಿದ್ಯಾ?"

"ಇಲ್ಲ ಅತ್ತೆ."

"ನಾಳೆ?"

"ಗೊತ್ತಿಲ್ಲ."

"ಸರಿ," ಎಂದು ಅವರು ಎಡಗೈ ಊರಿ ಎದ್ದರು. "ಒಪ್ಪಂದ ಅಂದ್ರೆ ಒಪ್ಪಂದ. ಈಜು ಅಂತ ನಾನು ಹೇಳಿರಲಿಲ್ಲ. ಹೋಗು ಅಂದಿದ್ದೆ." ಗೋಡೆಯ ಮುಂದೆ ನಿಂತು ಕಣ್ಣು ಮುಚ್ಚಿದರು.

ಮೂರು ತಿಂಗಳು ತುಂಬಿದ ದಿನ ತಿರುಚಪ್ಪ ಬಂದಾಗ ಕೈ ಗೆರೆಗಿಂತ ಒಂದು ಬೆರಳು ಕೆಳಗಿತ್ತು. ಅವರು ತಲೆ ಕೆರೆದುಕೊಂಡರು. ಅತ್ತೆ ಅವರನ್ನು ಗಮನಿಸದೆ, ಗಲ್ಲವನ್ನು ಎದೆಗೆ ತಾಗಿಸಿ ತಲೆ ಬಗ್ಗಿಸಿದರು. ಕೈ ಏರದೆ ಉಳಿದಷ್ಟು ತಲೆಯೇ ಇಳಿಯಿತು. ಬಲಗೈ ಹೋಗಿ ಕೂದಲನ್ನು ಸುತ್ತಿತು, ಎಡಗೈ ಪಿನ್ನು ಚುಚ್ಚಿತು. ಬೆವರು ಒರೆಸಿಕೊಂಡು ನನ್ನ ಕಡೆಗೆ ಬೆನ್ನು ತಿರುಗಿಸಿದರು.

"ಹೇಗಿದೆ?"

ತುರುಬು ಕಿವಿಯ ಹತ್ತಿರ ಹೋಗಿತ್ತು. ಮೂರು ಎಳೆ ಹೊರಗೆ ಜೋತಾಡುತ್ತಿದ್ದವು, ಪಿನ್ನು ತಲೆಕೆಳಗಾಗಿತ್ತು.

"ನೇರವಾಗಿದೆ ಅತ್ತೆ."

"ಸುಳ್ಳು ಹೇಳೋಕೆ ನಿನಗೆ ಬರಲ್ಲ," ಎಂದರು, ಕನ್ನಡಿ ನೋಡದೆಯೇ. "ಆದ್ರೆ ಬಿಡದೆ ಹೇಳ್ತೀಯ ನೋಡು, ಅದನ್ನ ಮೆಚ್ಚಬೇಕು."

ಅವರ ಭುಜದ ಗಡುವು ಮುಗಿಯಿತು, ನನ್ನದು ಮುಗಿಯಲಿಲ್ಲ. ಇನ್ನು ಸಾಕಲ್ಲವೇ ಎಂದು ಒಂದು ದಿನ ಮೆಲ್ಲಗೆ ಕೇಳಿದೆ. ಅವರು ತಂತಿಯ ಮೇಲಿನ ಈಜುಡುಗೆಯನ್ನು ಮುಟ್ಟಿ ನೋಡಿದರು. ನೀಲಿ ಅಂಚಿನಲ್ಲಿ ಬೂದಿಗೆ ತಿರುಗಿತ್ತು.

"ಈ ನೀರಿಗೆ ಎಂಥಾ ಬಟ್ಟೆ ಆದ್ರೂ ಒಂದಲ್ಲ ಒಂದು ದಿನ ಪಿಸಿಯುತ್ತೆ. ಹರಿದ ದಿನ ಬಿಟ್ಟುಬಿಡು. ನಾನೇನೂ ಅನ್ನಲ್ಲ."

ಅಂದಿನಿಂದ ದಿನವೂ ಆರಕ್ಕೆ ಹೋಗುತ್ತೇನೆ. ಈಗ ಕೊಳದ ಅಡ್ಡಗಲ ದಾಟಲು ಬರುತ್ತದೆ, ಚಂದವಾಗಿ ಅಲ್ಲ. ನೀರಿಗಿಳಿಯುವ ಮೊದಲು ಬೆಳಕಿಗೆ ಹಿಡಿದು ಹೊಲಿಗೆಗಳನ್ನು ಒಂದೊಂದಾಗಿ, ಬಹಳ ಆಸೆಯಿಂದ ಎಳೆದು ನೋಡುತ್ತೇನೆ. ಒಳ್ಳೆಯ ಬಟ್ಟೆ. ಇನ್ನೂ ಗಟ್ಟಿಯಾಗಿದೆ.